ವಾದಿ ಕಬೀರಿನಲ್ಲಿ ಒಂದು ಟಕ್

ಎಂಬತ್ತರ ತನಕ ಮೌನಿ.
ಎಂಬತ್ತೈದಕ್ಕೆ ಶುರು: ಟಕ್.
ಆಮೇಲೆ ಸ್ವಲ್ಪ ಯೋಚಿಸಿ, ಟಕ್ ಟಕ್,
ಗೋಡೆಯಾಚೆ ಯಾರೋ ಉಗುರು ಕತ್ತರಿಸಿಕೊಂಡ ಹಾಗೆ.
ನೂರಿಪ್ಪತ್ತಕ್ಕೆ ಹೊಡೆಯುವ ಗಂಟೆ ಬೇರೆ,
ಟಿಣ್ ಟಿಣ್ ಟಿಣ್, ನಿಧಾನ ತಾಯೀ ನಿಧಾನ ಎಂದು
ಕೊಲ್ಲಿಯ ದೇಶಗಳಿಗೆಂದೇ ಕಟ್ಟಿ ಕಳಿಸಿದ್ದು.
ಅದು ಕಾಯಿಲೆಯಲ್ಲ, ಕಾನೂನು.

ಕಾರು ನನಗಿಂತ ಹನ್ನೊಂದು ವರ್ಷ ಚಿಕ್ಕದು. ಕೆಂಪು.
ಎರಡೇ ಸೀಟು. ಎದ್ದು ನೋಡುವ ದೀಪಗಳಲ್ಲಿ ಎಡಗಣ್ಣು
ಬೇಸಿಗೆಯಲ್ಲಿ ಅರ್ಧಕ್ಕೇ ಸೋತು ನಿಲ್ಲುತ್ತದೆ;
ರೂವಿಯ ಸಿಗ್ನಲ್ಲಿನಲ್ಲಿ ಎದುರು ನಿಂತ ಟ್ಯಾಕ್ಸಿಯವನು
ಕಣ್ಣು ಹೊಡೆದದ್ದು ತನಗೇ ಅಂದುಕೊಳ್ಳುತ್ತಾನೆ.
ಮಾರಿದ ಖಲ್ಫಾನ್ ಹೇಳಿದ್ದ: ತೊಂದರೆ ಏನಿಲ್ಲ,
ಸ್ವಲ್ಪ ಮಾತಾಡುತ್ತದೆ.
ಅವನ ಮನೆಗೆ ಆಗಷ್ಟೇ ಮೂರನೆಯ ಮಗು ಬಂದಿತ್ತು.

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ
ಇನ್ನೊಬ್ಬರ ರಕ್ತದಲ್ಲಿ ತಪ್ಪು ಹುಡುಕಿದವಳು ನಾನು.
ಪಟ್ಟಿ ಮಾಡಿದೆ: ಯಾವ ವೇಗ, ಯಾವ ಗೇರು, ಏಸಿ ಇತ್ತೇ,
ಟ್ಯಾಂಕು ತುಂಬಿತ್ತೇ, ಗಾಳಿ ಕಡಲಿನದೋ ಮರಳಿನದೋ.
ಶನಿವಾರ ಬೆಳಿಗ್ಗೆ ಪಟ್ಟಿ ಸಮೇತ ಹಮ್ಮಬ್ಬರ ಶೆಡ್ಡಿಗೆ.

ಹಮ್ಮಬ್ಬ ಪುತ್ತೂರಿನ ಕಡೆಯವರು. ಪಟ್ಟಿ ಓದಲಿಲ್ಲ.
"ಬಿಡಿ ಗಾಡಿ, ಒಂದು ರೌಂಡ್ ಹೋಗುವ" ಎಂದು
ಪಕ್ಕದಲ್ಲಿ ಕೂತು, ಬೆಲ್ಟು ಎಳೆದುಕೊಂಡು,
ಕಿವಿಗೆ ಅಂಗೈ ಒಡ್ಡಿದರು.
ಅಮರಾತದ ಏರಿನಲ್ಲಿ ತೊಂಬತ್ತು. ಇಲ್ಲ.
ಇಳಿಜಾರಿನಲ್ಲಿ ನೂರು. ಇಲ್ಲ.
ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುತ್ತದಲ್ಲ,
ಹಾಗೆ ಮಳ್ಳಿಯಂತೆ ಓಡಿತು ಗಾಡಿ.
"ಎಂತ ಶಬ್ದವೂ ಇಲ್ಲ ಮಾರಾಯ್ರೆ.
ನಿಮಗೆ ನಿದ್ರೆ ಸರಿ ಬರ್ತದಾ?"

ಆದರೂ ಬಿಚ್ಚಿದರು.
ಬಿಸಿಲಿಗೆ ಬಿಸ್ಕತ್ತಾದ ಬುಷ್ಷು ಎರಡು.
ಸೈಲೆನ್ಸರು ನೇತುಬಿದ್ದ ರಬ್ಬರು, ಮುಟ್ಟಿದರೆ ಪುಡಿ.
ಬಾಗಿಲ ಹೊಟ್ಟೆಯಲ್ಲಿ ಖರ್ಜೂರದ ಬೀಜ ಏಳು,
ಒಂದು ಹಸಿರು ಕ್ರೇಯಾನು,
ಮಡಿಸಿ ಮಡಿಸಿ ಉಗುರಿನಷ್ಟಾದ ನೂರು ಬೈಸೆಯ ನೋಟು.
"ಇದೇ ಇರ್ಬೇಕು" ಎಂದರು ಬೀಜ ಕುಲುಕಿ.
ಹದಿನೆಂಟು ರಿಯಾಲು.

ಮನೆಯ ದಾರಿ. ಎಂಬತ್ತೈದು. ಟಕ್.

ಹೀಗೆ ಮೂರು ಶನಿವಾರ.
ನಡುವಿನ ರಾತ್ರಿಗಳಲ್ಲಿ, ಪಾಳಿ ಮುಗಿದ ಖಾಲಿ ರಸ್ತೆಯಲ್ಲಿ
ರೇಡಿಯೊ ಆರಿಸಿ, ಏಸಿ ಆರಿಸಿ ಕಿವಿಗೊಟ್ಟೆ.
ಕಾಯುವ ಬೇಸರಕ್ಕೆ ಒಂದೆರಡು ಮಾತಾಡಿದೆ:
ಹೊಸ ಸೂಪರ್‌ವೈಸರಿನ ಬಗ್ಗೆ, ಮಂಡಿಯ ಬಗ್ಗೆ,
ಅಕ್ಕ ಫೋನಿನಲ್ಲಿ ಅಂದದ್ದರ ಬಗ್ಗೆ.
ವಾಕ್ಯ ಮುಗಿದಲ್ಲೆಲ್ಲ ಅದು ಟಕ್ ಎಂದಿತು.
ಊರಿನಲ್ಲಿ ಕತೆ ಕೇಳುವವರು ಹೂಂಗುಟ್ಟುತ್ತಾರೆ;
ನಿಲ್ಲಿಸಿದರೆ ಹೇಳುವವರೂ ನಿಲ್ಲಿಸಬೇಕು.

ಕೀಲಿಯನ್ನು ಯಾರ ಕೈಗೂ ಕೊಡುವವಳಲ್ಲ.
ನಾಲ್ಕನೆಯ ಶನಿವಾರ ಕೊಟ್ಟೆ. ಹಮ್ಮಬ್ಬ ಒಬ್ಬರೇ ಹೋದರು.
ಟಯರಿನ ಮೇಲೆ ಕೂತು ಕರಕ್ ಚಹಾ ಕುಡಿಯುವಷ್ಟರಲ್ಲಿ
ಹಲ್ಲು ಬಿಡುತ್ತ ಬಂದು, ಇಳಿಯದೆ,
ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದರು.

"ಬಕಲು. ಗಾಳಿಗೆ ಕಂಬಕ್ಕೆ ಬಡೀತದೆ, ಅಷ್ಟೇ.
ಪಕ್ಕದಲ್ಲಿ ಜನ ಕೂತರೆ ಇಲ್ಲ.
ಕೂರದಿದ್ದರೆ ಉಂಟು."
ಇನ್ನೇನೋ ಹೇಳಹೊರಟವರು
ಸ್ಪ್ಯಾನರನ್ನು ಒರೆಸಿದ್ದನ್ನೇ ಒರೆಸಿದರು.
ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಬೆಲ್ಟು ಹಾಕಿ ಹೊರಡಿಸುತ್ತೇನೆ ಆ ಸೀಟನ್ನೂ.
ಕುರಿಯಾತಿನ ದಾರಿಯಲ್ಲಿ ತಡೆದ ಪೊಲೀಸು
ಬಗ್ಗಿ ಅದನ್ನು ನೋಡಿದ, ನನ್ನನ್ನು ನೋಡಿದ,
ಕೈಬೀಸಿ ಬಿಟ್ಟ.
ಎಂಬತ್ತೈದು. ತೊಂಬತ್ತು.
ಟಯರಿನ ಸದ್ದು, ಗಾಳಿ, ಸರಿಯಾಗಿರುವ ಎಂಜಿನ್ನು.
ಅಕ್ಕನ ವಿಷಯ ಎತ್ತಿದವಳು ಅರ್ಧಕ್ಕೇ ಬಿಟ್ಟೆ.

ತೊಂಬತ್ತೆರಡಕ್ಕೆ, ಹಿಂದಿನ ಎಡಚಕ್ರದ ಹತ್ತಿರ ಎಲ್ಲೋ,
ಟಕ್ ಅಲ್ಲ, ತೆಳ್ಳಗೆ, ಕೀಂ.
ಏಸಿ ಆರಿಸಿದೆ. ಹೌದು, ಕೀಂ.
ಇವತ್ತಿನ್ನೂ ಬುಧವಾರ.